ತೊಗಲಿನ ಕೇರಿ ತೆರೆದ ಊಟದ ಮನೆ

1996ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟ್ ಕಲ್ಕತ್ತದ ಟ್ಯಾನರಿಗಳ ಮೇಲೆ ಒಂದು ತೀರ್ಪು ಕೊಟ್ಟಿತು. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಗಂಗಾ ಮಾಲಿನ್ಯದ ಮೊಕದ್ದಮೆಯ ಒಂದು ಕವಲು ಅದು. ನಗರದ ಪೂರ್ವ ಅಂಚಿನ ಟಾಂಗ್ರಾ, ತಿಲ್ಜಲಾ, ತೊಪ್ಸಿಯಾ, ಪಾಗ್ಲಾಡಾಂಗಾಗಳಲ್ಲಿ ಇಕ್ಕಟ್ಟಾಗಿ ನಿಂತಿದ್ದ ಐನೂರಕ್ಕೂ ಹೆಚ್ಚು ಚರ್ಮ ಹದಮಾಡುವ ಕಾರ್ಖಾನೆಗಳು ಅಲ್ಲಿಂದ ಎದ್ದು, ಊರಾಚೆಯ ಬಂತಲಾದ ಹೊಸ ಚರ್ಮೋದ್ಯಮ ಸಂಕೀರ್ಣಕ್ಕೆ ಹೋಗಬೇಕು ಎಂಬುದು ಆದೇಶ. ಕೊಳಚೆ ನೀರು, ಗಂಗೆ, ಗಡುವು, ಪರಿಹಾರ ಇವೇ ಅದರ ಮಾತು. ಅಡುಗೆಮನೆಯ ಸುದ್ದಿ ಅದರಲ್ಲಿಲ್ಲ. ಆದರೂ ಭಾರತದ ಚೀನೀ ಹೋಟೆಲಿನ ಚರಿತ್ರೆ ಬರೆಯಹೊರಟವರು ಈ ತೀರ್ಪನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ.

ಟಾಂಗ್ರಾದ ಟ್ಯಾನರಿಗಳ ಒಡೆಯರಲ್ಲಿ ಬಹುಪಾಲು ಜನ ಹಕ್ಕಾ ಚೀನೀಯರು. 1980ರ ದಶಕದ ಹೊತ್ತಿಗೆ ಅವರ ಕಾರ್ಖಾನೆಗಳೇ ಮುನ್ನೂರರ ಹತ್ತಿರವಿದ್ದವು. ಕೆಳಗೆ ತೊಗಲಿನ ಕೆಲಸ, ಮೇಲೆ ಅಥವಾ ಹಿಂದೆ ಸಂಸಾರ. ತೀರ್ಪು ಬಂದ ಮೇಲೆ ಕೆಲವರು ಬಂತಲಾಕ್ಕೆ ಹೋದರು, ಕೆಲವರು ಜಾಗ ಮಾರಿ ಕೆನಡಾದ ವಿಮಾನ ಹತ್ತಿದರು. ಉಳಿದವರಲ್ಲಿ ಅನೇಕರು ತೊಟ್ಟಿಗಳನ್ನು ಮುಚ್ಚಿ, ಗೋಡೆಗೆ ಬಣ್ಣ ಬಳಿದು, ಕೆಂಪು ಲಾಟೀನು ತೂಗುಹಾಕಿ ಹೋಟೆಲು ತೆರೆದರು. ಈಗ ಟಾಂಗ್ರಾ ಎಂದರೆ ಕಲ್ಕತ್ತದವರಿಗೆ ಮೊದಲು ನೆನಪಾಗುವುದು ಚಿಲ್ಲಿ ಚಿಕನ್ನು. ಆ ಓಣಿಗಳಿಂದ ನಾರುತ್ತಿದ್ದ ಹಸಿ ಚರ್ಮದ ವಾಸನೆ ಹಳಬರ ಮಾತಿನಲ್ಲಷ್ಟೇ ಉಳಿದಿದೆ.

ಇದು ಟಾಂಗ್ರಾ ಒಂದರ ಕಥೆಯೂ ಅಲ್ಲ. ಕಲ್ಕತ್ತಕ್ಕೆ ಬಂದ ಚೀನೀಯರಲ್ಲಿ ಅಡುಗೆಯನ್ನೇ ಕಸುಬೆಂದು ನಂಬಿ ಹಡಗು ಹತ್ತಿದವರು ಕಡಿಮೆ. ಸಕ್ಕರೆ, ಮರಗೆಲಸ, ಚಪ್ಪಲಿ, ಹಲ್ಲು, ಚರ್ಮ ಹೀಗೆ ಒಂದೊಂದು ಗುಂಪಿಗೆ ಒಂದೊಂದು ವೃತ್ತಿ. ಆ ವೃತ್ತಿಗಳಿಗೆ ಪೆಟ್ಟು ಬಿದ್ದಂತೆಲ್ಲ ಒಲೆ ಮನೆಯಿಂದ ಬೀದಿಗೆ ಬಂತು. ಗಿರಾಕಿಗಾಗಿ ಬೇಯಿಸಿದ್ದು ದೇಶವೆಲ್ಲ ಹರಡಿತು. ತಮಗಾಗಿ ಬೇಯಿಸಿಕೊಂಡ ಹಳೆಯ ಅಡುಗೆ ಕೆಲವೇ ಓಣಿಗಳಲ್ಲಿ, ಕೆಲವೇ ಗಂಟೆಗಳಿಗೆ ಉಳಿಯಿತು.

ಮೊದಲಿಗನೆಂದು ಇಲ್ಲಿನ ಚೀನೀಯರು ನೆನೆಯುವುದು ಒಬ್ಬ ಸಕ್ಕರೆಯವನನ್ನು. ಇಂಗ್ಲಿಷ್ ದಾಖಲೆಗಳು ಅವನನ್ನು ಅಚ್ಯೂ ಎಂದು ಕರೆಯುತ್ತವೆ. 1770ರ ದಶಕದ ಕೊನೆಗೆ ಬಂಗಾಳಕ್ಕೆ ಬಂದ ಈ ವ್ಯಾಪಾರಿಗೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹೂಗ್ಲಿ ದಂಡೆಯಲ್ಲಿ, ಬಜ್‌ಬಜ್ ಹತ್ತಿರ, ಜಮೀನು ಕೊಟ್ಟ. ಅಚ್ಯೂ ಕಬ್ಬು ನೆಟ್ಟ, ಸಕ್ಕರೆ ಕಾರ್ಖಾನೆ ಹಾಕಿದ, ಚೀನಾದಿಂದ ಕೂಲಿಗಳನ್ನು ಕರೆಸಿದ. ಆ ಕೂಲಿಗಳು ಕಲ್ಕತ್ತಕ್ಕೆ ಓಡಿಹೋಗತೊಡಗಿದರು. ಅಲ್ಲಿ ಆಗಲೇ ನೆಲೆಸಿದ್ದ ಚೀನೀಯರು ಅವರನ್ನು ಸೆಳೆಯುತ್ತಿದ್ದಾರೆಂದು ಅವನು ಈಸ್ಟ್ ಇಂಡಿಯಾ ಕಂಪನಿಗೆ ದೂರು ಕೊಟ್ಟ. 1781ರಲ್ಲಿ ಕಂಪನಿ ಅವನ ಪರವಾಗಿ ಎಚ್ಚರಿಕೆಯ ಜಾಹೀರಾತನ್ನೂ ಹೊರಡಿಸಿತು. ಹೆಚ್ಚು ದಿನ ಬಾಳದೆ ಅವನು 1783ರ ಹೊತ್ತಿಗೆ ತೀರಿಕೊಂಡ. ಆ ಊರಿಗೆ ಅಚಿಪುರ ಎಂಬ ಹೆಸರು ಉಳಿಯಿತು. ಕುದುರೆಲಾಳದ ಆಕಾರದ ಅವನ ಕೆಂಪು ಸಮಾಧಿಗೆ ಚೀನೀ ಹೊಸ ವರ್ಷದ ದಿನಗಳಲ್ಲಿ ಕಲ್ಕತ್ತದ ಕುಟುಂಬಗಳು ಈಗಲೂ ಊದುಬತ್ತಿ, ಹಣ್ಣು, ಮಾಂಸದ ನೈವೇದ್ಯ ಹಿಡಿದು ಹೋಗುತ್ತವೆ.

ಓಡಿಬಂದ ಕೂಲಿಗಳೂ ಹಡಗಿನಿಂದ ಇಳಿದ ಖಲಾಸಿಗಳೂ ಸೇರಿ ಮಧ್ಯ ಕಲ್ಕತ್ತದಲ್ಲಿ ಒಂದು ಕೇರಿ ಕಟ್ಟಿಕೊಂಡರು. 1837ರ ಪೊಲೀಸ್ ಗಣತಿಯಲ್ಲಿ ಸಿಕ್ಕ ಚೀನೀಯರ ಲೆಕ್ಕ 362. ಬಹುತೇಕ ಗಂಡಸರು. ಕೇರಿಗೆ ಹೆಸರು ಕೊಟ್ಟವನು ಇಟಲಿಯವನು: ಎಡ್ವರ್ಡೊ ತಿರೆತ್ತಾ, ಕ್ಯಾಸನೋವಾನ ಗೆಳೆಯ, ಊರು ಬಿಟ್ಟು ಬಂದು ಕಂಪನಿಯ ಕಲ್ಕತ್ತದಲ್ಲಿ ರಸ್ತೆ ಕಟ್ಟಡಗಳ ಮೇಲ್ವಿಚಾರಕನಾದವನು. ಅವನು ಕಟ್ಟಿಸಿದ ಸಂತೆಯೇ ತಿರೆತ್ತಾ ಬಜಾರ್. ಇವತ್ತಿನ ಜನರ ಬಾಯಲ್ಲಿ ತಿರೆಟ್ಟಿ ಬಜಾರ್. ಲಾಲ್‌ಬಜಾರಿನ ಪೊಲೀಸ್ ಪ್ರಧಾನ ಕಚೇರಿಯ ಹಿಂಬದಿಗೆ, ಬೌಬಜಾರಿಗೆ ತಾಗಿದಂತೆ ಅದು ಇದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕೇರಿಯ ಓಣಿಗಳಲ್ಲಿ ನಡೆದರೆ ಉಳಿ ಸುತ್ತಿಗೆಯ ಸದ್ದು ಕೇಳಬೇಕಿತ್ತು. ಕ್ಯಾಂಟನ್ ಕಡೆಯವರು ಬಡಗಿಗಳು. ಹಡಗುಕಟ್ಟೆಯಲ್ಲಿ, ಮುಂದೆ ರೈಲ್ವೆಯಲ್ಲಿ ಅವರ ಕೈಗೆ ಒಳ್ಳೆಯ ಬೆಲೆಯಿತ್ತು. ಹುಬೇ ಪ್ರಾಂತದವರು ಹಲ್ಲು ಕಟ್ಟುವ ಕೆಲಸ ಹಿಡಿದರು, ಕಾಗದದ ಹೂವನ್ನೂ ಮಾಡಿ ಮಾರಿದರು. ಶಾಂದೊಂಗ್‌ನವರು ರೇಷ್ಮೆ ಬಟ್ಟೆಯ ಗಂಟು ಹೊತ್ತು ಮನೆಮನೆ ತಿರುಗಿದರು. ಹಕ್ಕಾ ಜನ ಬೆಂಟಿಂಕ್ ಬೀದಿಯಲ್ಲಿ ಜೋಡು ಹೊಲಿಯುವ ಅಂಗಡಿಗಳನ್ನು ಹಾಕಿದರು, ಜೋಡಿಗೆ ಬೇಕಾದ ಚರ್ಮವನ್ನು ತಾವೇ ಹದ ಮಾಡಿದರೆ ಲಾಭ ಹೆಚ್ಚೆಂದು ಕಂಡುಕೊಂಡರು.

ಒಂಟಿ ಗಂಡಸರ ಊರಿನಲ್ಲಿ ಊಟದ ವ್ಯವಸ್ಥೆ ಆಯಾ ಸೀಮೆಯವರು ಕಟ್ಟಿಕೊಂಡ ಸಂಘಗಳ ಆಸರೆಯಲ್ಲಿ ನಡೆಯುತ್ತಿತ್ತು. ಹೊಸದಾಗಿ ಬಂದವನಿಗೆ ಮಲಗಲು ಚಾಪೆ, ಉಣ್ಣಲು ಅನ್ನ, ಕೆಲಸದ ಸುಳಿವು, ಸತ್ತರೆ ಮಣ್ಣು ಇವೆಲ್ಲ ಸಂಘದ ಜವಾಬ್ದಾರಿ. ಮಹಡಿಯ ಮೇಲೆ ಊರ ದೇವರಿಗೊಂದು ಗುಡಿ. ಕಲ್ಕತ್ತದ ಚೀನೀ ಗುಡಿಗಳನ್ನು ಇಂದಿಗೂ ಚರ್ಚ್ ಎಂದೇ ಕರೆಯುತ್ತಾರೆ. 1905ರಲ್ಲಿ ಕಟ್ಟಿದ ಸೀ ಇಪ್ ಚರ್ಚಿನಲ್ಲಿ ಕೂತಿರುವುದು ಕರುಣೆಯ ದೇವಿ ಕ್ವಾನ್ ಯಿನ್.

ಹೊರಗಿನವರಿಗೆ ಬಾಗಿಲು ತೆರೆದ ಹೋಟೆಲು ಹುಟ್ಟಿದ್ದೂ ಇಂಥದೊಂದು ಗುಡಿಯ ಕೆಳಗೆ. ಬ್ಲ್ಯಾಕ್‌ಬರ್ನ್ ಲೇನಿನ ತೂಂಗ್ ಆನ್ ಚರ್ಚಿನಲ್ಲಿ ಮೇಲಂತಸ್ತು ಯುದ್ಧವೀರ ದೇವರು ಕ್ವಾನ್ ತಿಗೆ, ಕೆಳಂತಸ್ತು ನಾನ್‌ಕಿಂಗ್ ಹೋಟೆಲಿಗೆ. 1920ರ ದಶಕದಲ್ಲಿ ಶುರುವಾದ ನಾನ್‌ಕಿಂಗಿಗೆ ಸಾಹೇಬರು, ಸಿರಿವಂತ ಬಂಗಾಳಿಗಳು, ಸಿನಿಮಾ ನಟರು ಬಂದು ಹೋಗುತ್ತಿದ್ದರು. ಬಿಳಿ ಮೇಜುಬಟ್ಟೆ, ಪಿಂಗಾಣಿ, ಖಾಸಗಿ ಕೋಣೆಗಳು. ಬಡಗಿಯೊಬ್ಬ ಹಗಲು ಕೆಲಸ ಮುಗಿಸಿ ಕೂತು ಉಣ್ಣುವ ಜಾಗ ಅದಾಗಿರಲಿಲ್ಲ. ಮುಂದೆ ಅದು ಮುಚ್ಚಿತು, ಕಟ್ಟಡ ಮಾತ್ರ ಉಳಿದಿದೆ.

ನಾನ್‌ಕಿಂಗಿನ ಓರಗೆಯ ಇನ್ನೊಂದು ಹೋಟೆಲು ಇವತ್ತಿಗೂ ಒಲೆ ಹೊತ್ತಿಸುತ್ತದೆ. ಗಣೇಶಚಂದ್ರ ಅವೆನ್ಯೂದಲ್ಲಿ ಪೆಟ್ರೋಲ್ ಬಂಕೊಂದರ ಮಗ್ಗುಲ ಮೆಟ್ಟಿಲು ಹತ್ತಿದರೆ ಇಯು ಚ್ಯೂ. ಒಂದೇ ಮನೆತನದ ಕೈಯಲ್ಲಿ ತಲೆಮಾರುಗಳಿಂದ ನಡೆದುಬಂದ ಇದು ದೇಶದಲ್ಲಿ ಉಳಿದಿರುವ ಅತಿ ಹಳೆಯ ಚೀನೀ ಹೋಟೆಲುಗಳಲ್ಲೊಂದು. ಥಳುಕಿಲ್ಲ, ಡ್ರ್ಯಾಗನ್ ಕೆತ್ತಿದ ಕಂಬಗಳಿಲ್ಲ; ಸಾದಾ ಮೇಜು, ಸಾದಾ ಕುರ್ಚಿ. ಇಲ್ಲಿಗೆ ಬಂದವರು ತಪ್ಪದೆ ಕೇಳುವುದು ಚಿಮಣಿ ಸೂಪು. ಲೋಹದ ಪಾತ್ರೆಯ ನಡುವೆ ಒಂದು ಕೊಳವೆ, ಕೊಳವೆಯೊಳಗೆ ಕೆಂಡ, ಸುತ್ತಲಿನ ಕಂದಕದಲ್ಲಿ ಕುದಿಯುವ ಸಾರು. ಸಾರಿನಲ್ಲಿ ಮೀನಿನ ಉಂಡೆ, ಮಾಂಸ, ಸೀಗಡಿ, ಮೊಟ್ಟೆ, ಸೊಪ್ಪು. ಮೇಜಿನ ಮಧ್ಯೆ ಇಟ್ಟು ಸುತ್ತ ಕೂತವರೆಲ್ಲ ಬಡಿಸಿಕೊಳ್ಳಬೇಕು. ಚೀನಾದ ಚಳಿನಾಡಿನ ಮನೆಗಳಲ್ಲಿ ಕುಟುಂಬವೆಲ್ಲ ಸುತ್ತುಗಟ್ಟಿ ಉಣ್ಣುವ ಪಾತ್ರೆ ಇದು. ಬಂಗಾಳದ ಸೆಕೆಯಲ್ಲೂ ಅದು ತನ್ನ ಕೆಂಡವನ್ನು ಬಿಟ್ಟುಕೊಟ್ಟಿಲ್ಲ.

ಅತ್ತ ಹಕ್ಕಾ ಜನ ಊರಿನ ಅಂಚಿಗೆ ಸರಿದಿದ್ದರು. 1910ರ ಆಸುಪಾಸಿನಲ್ಲಿ ಅವರ ಟ್ಯಾನರಿಗಳು ಧಾಪಾ, ಟಾಂಗ್ರಾದ ಜೌಗು ನೆಲದಲ್ಲಿ ಬೇರೂರತೊಡಗಿದವು. ಹಸಿ ಚರ್ಮಕ್ಕೆ ನೀರು ಬೇಕು, ಕೊಳಕು ಹರಿದುಹೋಗಲು ಕಾಲುವೆ ಬೇಕು, ನಾತಕ್ಕೆ ಗೊಣಗದ ನೆರೆಹೊರೆ ಬೇಕು, ಮೂರೂ ಅಲ್ಲಿದ್ದವು. ಮೇಲ್ಜಾತಿಯ ಹಿಂದೂಗಳು ಮುಟ್ಟದ ಕಸುಬು ಇದು. ಹಕ್ಕಾಗಳಿಗೆ ಆ ಮೈಲಿಗೆಯಿರಲಿಲ್ಲ. ಅವರು ಒಡೆಯರಾದರು, ತೊಟ್ಟಿಗಿಳಿದು ದುಡಿದವರು ಬಿಹಾರದಿಂದ ಬಂದ ಚಮ್ಮಾರರು. ಎರಡು ಮಹಾಯುದ್ಧಗಳು ಸೈನಿಕರ ಬೂಟಿಗೆ ಚರ್ಮ ಕೇಳಿದವು, ಟಾಂಗ್ರಾ ಕೊಟ್ಟಿತು, ಬೆಳೆಯಿತು. ಅಮೆರಿಕದ ಮಾನವಶಾಸ್ತ್ರಜ್ಞೆ ಎಲೆನ್ ಆಕ್ಸ್‌ಫೆಲ್ಡ್ 1980ರ ದಶಕದಲ್ಲಿ ಈ ಕೇರಿಯಲ್ಲಿದ್ದು ಅಧ್ಯಯನ ಮಾಡಿ 1993ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿ ರಕ್ತ, ಬೆವರಿನ ಜತೆಗೆ ಮಾಜೊಂಗ್ ಆಟವೂ ಸೇರಿದೆ.

ಕಲ್ಕತ್ತದ ಹಕ್ಕಾಗಳಲ್ಲಿ ಹೆಚ್ಚಿನವರ ಮೂಲ ಗ್ವಾಂಗ್‌ದೊಂಗ್ ಪ್ರಾಂತದ ಮೆಯ್‌ಶಿಯೆನ್ ಎಂಬ ಗುಡ್ಡಗಾಡು. ಶತಮಾನಗಳ ಹಿಂದೆ ಉತ್ತರದ ಬಯಲಿನಿಂದ ಹಂತಹಂತವಾಗಿ ದಕ್ಷಿಣಕ್ಕೆ ಸರಿದು ಬಂದವರಿಗೆ ಉಳಿದದ್ದು ಅದೇ ನೆಲ. ಅವರ ಅಡುಗೆಯಲ್ಲಿ ಆ ಬದುಕು ಕಾಣುತ್ತದೆ. ಸಾಸಿವೆ ಸೊಪ್ಪನ್ನು ಉಪ್ಪು ಹಾಕಿ ಹುದುಗಿಸಿ, ಒಣಗಿಸಿ ಇಟ್ಟುಕೊಳ್ಳುವುದು ಅಲ್ಲಿ ಮನೆಮನೆಯ ರೂಢಿ. ಹಂದಿಯ ಹೊಟ್ಟೆಭಾಗದ ಕೊಬ್ಬಿನ ಮಾಂಸವನ್ನು ಮೊದಲು ಬೇಯಿಸಿ, ತೊಗಲು ಕೆಂಪಾಗುವಂತೆ ಕರಿದು, ಹೋಳು ಮಾಡಿ ಬಟ್ಟಲಿನಲ್ಲಿ ಜೋಡಿಸುತ್ತಾರೆ. ಮೇಲೆ ಆ ಒಣಸೊಪ್ಪನ್ನು ಒತ್ತಿ ತಾಸುಗಟ್ಟಲೆ ಹಬೆಯಲ್ಲಿ ಇಡುತ್ತಾರೆ. ಬಡಿಸುವಾಗ ಬಟ್ಟಲನ್ನು ತಟ್ಟೆಗೆ ಕವುಚಿದರೆ ಸೊಪ್ಪು ಅಡಿಗೆ, ಮಾಂಸ ಮೇಲಕ್ಕೆ. ಇಡೀ ಕೋಳಿಯನ್ನು ಕಾಗದದಲ್ಲಿ ಸುತ್ತಿ ಕಾದ ಉಪ್ಪಿನಲ್ಲಿ ಹೂತು ಬೇಯಿಸುವುದು ಇನ್ನೊಂದು. ಟೋಫುವಿನ ತುಂಡುಗಳಲ್ಲಿ ಗುಳಿ ತೋಡಿ ಖೀಮಾ ತುಂಬುವುದು ಮತ್ತೊಂದು. ಉತ್ತರದಲ್ಲಿ ಗೋಧಿ ಹಿಟ್ಟಿನ ಕಡುಬು ತಿಂದು ಬಂದವರು, ಗೋಧಿ ಬೆಳೆಯದ ದಕ್ಷಿಣದಲ್ಲಿ ಹಿಟ್ಟಿನ ಬದಲು ಟೋಫುವಿಗೇ ಹೂರಣ ತುಂಬಿದರೆಂದು ಹಕ್ಕಾ ಅಜ್ಜಿಯರು ಕಥೆ ಹೇಳುತ್ತಾರೆ.

ಇವುಗಳಲ್ಲಿ ಹಸಿಮೆಣಸಿನಕಾಯಿ ಇಲ್ಲ. ಕಾರ್ನ್‌ಫ್ಲೋರಿನ ಅಂಟು ಗ್ರೇವಿ ಇಲ್ಲ. ಕೆಂಪು ಬಣ್ಣ ಇಲ್ಲವೇ ಇಲ್ಲ. ಉಪ್ಪು, ಸೋಯಾ, ಹುಳಿ ಬಂದ ಸೊಪ್ಪು, ನಿಧಾನವಾಗಿ ಕರಗಿದ ಕೊಬ್ಬು, ಜತೆಗೆ ಬಿಳಿ ಅನ್ನ. ಅಷ್ಟರಲ್ಲೇ ರುಚಿ ಮುಗಿಯುತ್ತದೆ. ಕರ್ನಾಟಕದ ಯಾವುದೇ ತಾಲ್ಲೂಕಿನ ಫಾಸ್ಟ್‌ಫುಡ್ ಗಾಡಿಯ ಮೇಲೆ ‘ಹಕ್ಕಾ ನೂಡಲ್ಸ್’ ಎಂದು ಬರೆದಿರುವುದನ್ನು ಓದಿ ಬೆಳೆದವರಿಗೆ ಮೆಯ್‌ಶಿಯೆನ್‌ನ ಊಟ ಸಪ್ಪೆ ಎನಿಸಿದರೆ ತಪ್ಪಿಲ್ಲ.

ಎರಡು ಅಡುಗೆಗಳು ಬೇರೆಯಾದ ಹಾದಿಯಲ್ಲಿ 1962 ದೊಡ್ಡ ಮೈಲಿಗಲ್ಲು. ಅಕ್ಟೋಬರ್ 20ಕ್ಕೆ ಗಡಿಯಲ್ಲಿ ಯುದ್ಧ ಶುರುವಾಗಿ ನವೆಂಬರ್ 21ಕ್ಕೆ ನಿಂತಿತು. ಒಂದೇ ತಿಂಗಳು. ಅದರ ಬಿಸಿ ಭಾರತದಲ್ಲಿ ಹುಟ್ಟಿ ಬೆಳೆದ ಚೀನೀಯರಿಗೆ ವರ್ಷಗಟ್ಟಲೆ ತಟ್ಟಿತು. ಅಸ್ಸಾಂ, ಡಾರ್ಜಿಲಿಂಗ್, ಕಾಲಿಂಪಾಂಗ್ ಕಡೆಯಿಂದ ಸುಮಾರು 3,000 ಜನರನ್ನು, ಕೂಸುಗಳು ಮುದುಕರು ಎನ್ನದೆ, ರೈಲಿಗೆ ತುಂಬಿ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಕಳಿಸಲಾಯಿತು. ಕೆಲವರು ಹೊರಬಂದದ್ದು 1967ರಲ್ಲಿ. ಆ ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ, ಪತ್ರಕರ್ತ ದಿಲೀಪ್ ಡಿಸೋಜಾ ಜತೆಗೂಡಿ ಬರೆದ ‘ದಿ ದೇವಲಿವಾಲಾಸ್’ 2020ರಲ್ಲಿ ಪ್ರಕಟವಾಯಿತು. ಚಹಾ ತೋಟಗಳಿಗಾಗಿ ಬಂದು ಮಾಕುಮ್‌ನಲ್ಲಿ ಬೇರುಬಿಟ್ಟವರು ಹೀಗೆ ಕಿತ್ತುಹೋದ ಕಥೆಯನ್ನು ಅಸ್ಸಾಮಿ ಲೇಖಕಿ ರೀತಾ ಚೌಧರಿ ‘ಮಾಕಾಮ್’ ಕಾದಂಬರಿಯಾಗಿಸಿದರು.

ಕಲ್ಕತ್ತದಲ್ಲಿ ಉಳಿದವರ ಪಾಡೂ ಹಗುರವಾಗಿರಲಿಲ್ಲ. ಪೊಲೀಸರಲ್ಲಿ ಹೆಸರು ಬರೆಸಬೇಕು, ಊರು ಬಿಟ್ಟು ಹೋಗಲು ಪರವಾನಗಿ ಬೇಕು. ಹಡಗುಕಟ್ಟೆ, ರೈಲ್ವೆಯ ನೌಕರಿಗಳು ಹೋದವು. ಬಡಗಿಗಳ ಕೇರಿ ಬರಿದಾಗತೊಡಗಿತು. ಇಪ್ಪತ್ತು ಸಾವಿರದಷ್ಟಿದ್ದರೆಂದು ಅಂದಾಜಿಸಲಾಗುವ ಕಲ್ಕತ್ತದ ಚೀನೀಯರು ಮುಂದಿನ ದಶಕಗಳಲ್ಲಿ ಟೊರಾಂಟೊ, ಸಿಡ್ನಿ, ತೈವಾನ್, ಹಾಂಗ್‌ಕಾಂಗ್ ಎಂದು ಚದುರಿದರು. ಈಗ ಎರಡು ಸಾವಿರದ ಆಸುಪಾಸು ಇರಬಹುದೆಂದು ಹೇಳುತ್ತಾರೆ.

ಸರ್ಕಾರಿ ನೌಕರಿ ಇಲ್ಲ, ಬೇರೆ ಊರಿಗೆ ಹೋಗುವ ಸ್ವಾತಂತ್ರ್ಯ ಇಲ್ಲ ಎಂದಾಗ ಮನೆಯಲ್ಲೇ ಮಾಡಬಹುದಾದ ವ್ಯವಹಾರಗಳಿಗೆ ಬೆಲೆ ಬಂತು. ಬ್ಯೂಟಿ ಪಾರ್ಲರು, ಲಾಂಡ್ರಿ, ಸಾಸಿನ ತಯಾರಿಕೆ, ಊಟದ ಮೇಜು. ತಿರೆಟ್ಟಿ ಬಜಾರಿನ ಪೋ ಚಾಂಗ್ ಸಾಸ್ ಕಂಪನಿ ಶುರುವಾದದ್ದು 1958ರಲ್ಲಿ. ಅದರ ಹಸಿರು ಮೆಣಸಿನಕಾಯಿ ಸಾಸು ಕಲ್ಕತ್ತದ ಮನೆಮಾತು. ಚೀನೀಯರು ಮಾಡಿದ್ದಾದರೂ ಆ ಬಾಟಲಿಯಲ್ಲಿರುವುದು ಬಂಗಾಳದ ನಾಲಿಗೆ: ಖಾರ, ಹುಳಿ, ಒಂದಿಷ್ಟು ಸಿಹಿ.

ಟಾಂಗ್ರಾದಲ್ಲಿ ಹೋಟೆಲುಗಳು ಟ್ಯಾನರಿಗಳ ಮಗ್ಗುಲಲ್ಲೇ ಕಣ್ಣುಬಿಟ್ಟವು. ಚರ್ಮ ಕೊಳ್ಳಲು ಬರುವ ವ್ಯಾಪಾರಿಗಳು, ಅಗ್ಗದ ಮದ್ಯ ಹುಡುಕಿಕೊಂಡು ಬರುವ ನಗರದ ಹುಡುಗರು. ಗಿರಾಕಿ ಎಂದರೆ ಇವರು. ಗ್ಲಾಸಿನ ಜತೆಗೆ ನೆಂಜಿಕೊಳ್ಳಲು ಏನಾದರೂ ಬೇಕು, ಅದು ಖಾರವಾಗಿರಬೇಕು, ಬೇಗ ಬರಬೇಕು. ಮೂರು ತಾಸು ಹಬೆಯಲ್ಲಿ ಕೂರುವ ಹಂದಿಮಾಂಸ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಕೋಳಿಯ ತುಂಡನ್ನು ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ ಕರಿದಿಟ್ಟುಕೊಂಡರೆ, ಆರ್ಡರ್ ಬಂದೊಡನೆ ಬೆಳ್ಳುಳ್ಳಿ, ಶುಂಠಿ, ಸೀಳಿದ ಹಸಿಮೆಣಸು, ಸೋಯಾ ಸಾಸಿನೊಡನೆ ಉರಿ ಏರಿಸಿ ನಾಲ್ಕು ಸಲ ಬಾಣಲೆ ಎತ್ತಿ ಹಾರಿಸಿದರಾಯಿತು. ಚೀನೀ ಕೈಚಳಕ, ಭಾರತದ ಖಾರ, ಹೋಟೆಲಿನ ಅವಸರ ಮೂರೂ ಕೂಡಿದ ಆ ತಟ್ಟೆ ಚಿಲ್ಲಿ ಚಿಕನ್. ಅದೇ ಬಾಣಲೆಯಲ್ಲಿ ಚಿಲ್ಲಿ ಪೋರ್ಕ್, ಚಿಲ್ಲಿ ಫಿಶ್, ಚಿಲ್ಲಿ ಪನೀರ್ ಒಂದರ ಹಿಂದೊಂದು ಬಂದವು.

ಈ ಅಡುಗೆ ಊರು ದಾಟಿದ್ದು ಬೇಗ. ಕಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಬೊಂಬಾಯಿಗೆ ಹೋಗಿ, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. 1975ರಲ್ಲಿ ಗಿರಾಕಿಯೊಬ್ಬರು ಮೆನುವಿನಲ್ಲಿಲ್ಲದ ಹೊಸದೇನಾದರೂ ಕೊಡಿ ಎಂದಾಗ, ಭಾರತೀಯ ಒಗ್ಗರಣೆಯ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸನ್ನು ಹಿಡಿದು, ಗರಂ ಮಸಾಲೆ ಬೀಳುವ ಜಾಗಕ್ಕೆ ಸೋಯಾ ಸಾಸು ಸುರಿದು, ಕರಿದ ಕೋಳಿಯನ್ನು ಅದರಲ್ಲಿ ಮುಳುಗಿಸಿದರು. ಹೆಸರು ಚಿಕನ್ ಮಂಚೂರಿಯನ್. ಮಂಚೂರಿಯಾದ ಯಾವ ಅಡುಗೆಮನೆಗೂ ಅದರ ಪರಿಚಯವಿಲ್ಲ. ಮುಂದೆ ವಾಂಗ್ ಬೊಂಬಾಯಿಯಲ್ಲಿ ಚೈನಾ ಗಾರ್ಡನ್ ತೆರೆದು ಹೆಸರಾದರು. ಕೋಳಿ ತಿನ್ನದವರಿಗಾಗಿ ಅದೇ ಸಾಸಿಗೆ ಹೂಕೋಸು ಬಿತ್ತು.

ಆ ಹೂಕೋಸು ಕನ್ನಡನಾಡಿನಲ್ಲಿ ಏನಾಯಿತೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಬಸ್‌ಸ್ಟ್ಯಾಂಡ್, ಜಾತ್ರೆ, ಕಾಲೇಜಿನ ಗೇಟು, ಮದುವೆ ಊಟದ ಪಂಕ್ತಿ ಎಲ್ಲೆಲ್ಲೂ ಗೋಬಿ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ರಾಜ್ಯದ ಹಲವೆಡೆ ತೆಗೆದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಚೀನೀ ಎಂಬ ಹೆಸರು ಹೊತ್ತ ತಿಂಡಿಯೊಂದಕ್ಕೆ ಸರ್ಕಾರವೇ ಪತ್ರಿಕಾಗೋಷ್ಠಿ ಕರೆಯಬೇಕಾಯಿತೆಂದರೆ ಅದು ಎಷ್ಟರಮಟ್ಟಿಗೆ ಇಲ್ಲಿಯದಾಗಿದೆ ಎಂದು ಊಹಿಸಬಹುದು.

ಹಳೆಯ ಅಡುಗೆ ಹುಡುಕುವವರು ಈಗ ಬೇಗ ಏಳಬೇಕು. ಭಾನುವಾರ ಬೆಳಗ್ಗೆ ಆರರ ಹೊತ್ತಿಗೆ ತಿರೆಟ್ಟಿ ಬಜಾರಿನ ಪೋದ್ದಾರ್ ಕೋರ್ಟ್ ಹಿಂದೆ, ಚೀನೀ ಸಾಹಿತಿ ಲೂ ಶುನ್ ಹೆಸರಿನ ರಸ್ತೆಯ ಬಳಿ, ಫುಟ್‌ಪಾತಿನ ಮೇಲೆ ಅಲ್ಯೂಮಿನಿಯಂ ಹಬೆಪಾತ್ರೆಗಳು ಸಾಲುಗಟ್ಟುತ್ತವೆ. ಕ್ಯಾಂಟನ್ ಕಡೆಯ ಉಪಾಹಾರದ ಪಳೆಯುಳಿಕೆ ಇದು. ಹಂದಿಮಾಂಸ ತುಂಬಿದ ಬಿಳಿ ಬಾವ್, ತೆಳುಹಾಳೆಯಲ್ಲಿ ಖೀಮಾ ಕಟ್ಟಿದ ಶೂಮಾಯ್, ಮೀನಿನ ಉಂಡೆಯ ಬಿಸಿ ಸೂಪು, ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಪೊಟ್ಟಣ, ದಾರಕ್ಕೆ ಪೋಣಿಸಿ ನೇತುಹಾಕಿದ ಒಣ ಸಾಸೇಜು. ಅಂಟಕ್ಕಿಯ ಪೊಟ್ಟಣ ಚೀನಾದಲ್ಲಿ ಐದನೆಯ ಚಾಂದ್ರಮಾಸದ ದೋಣಿ ಹಬ್ಬಕ್ಕೆ ಮಾಡುವ ತಿನಿಸು. ಇಲ್ಲಿ ಅದು ವಾರದ ತಿಂಡಿಯ ಸಾಲಿನಲ್ಲಿದೆ. ಎಂಟೂವರೆ ಒಂಬತ್ತರ ಹೊತ್ತಿಗೆ ಪಾತ್ರೆಗಳು ಖಾಲಿ, ತರಕಾರಿಯವರು ಆ ಜಾಗ ಹಿಡಿಯುತ್ತಾರೆ.

ಮಾರುವವರಲ್ಲಿ ಚೀನೀ ಮುಖಗಳು ವರ್ಷದಿಂದ ವರ್ಷಕ್ಕೆ ಕಡಿಮೆ. ಪಕ್ಕದಲ್ಲೇ ಕಚೋರಿ, ಮೊಮೊ ಮಾರುವವರೂ ನಿಂತಿರುತ್ತಾರೆ. ಕ್ಯಾಮೆರಾ ಹಿಡಿದ ಪ್ರವಾಸಿಗಳು ಕೆಲವು ದಿನ ಗಿರಾಕಿಗಳಿಗಿಂತ ಹೆಚ್ಚು. ಈ ಕೇರಿಯಲ್ಲಿ ನೂಡಲ್ಸ್ ಮಾರಿ ಹೆಸರಾಗಿದ್ದ ಹೆಂಗಸೊಬ್ಬಳ ನೆನಪನ್ನು ಎಳೆಯಾಗಿಟ್ಟುಕೊಂಡು ರಫೀಕ್ ಇಲಿಯಾಸ್ 2005ರಲ್ಲಿ ‘ದಿ ಲೆಜೆಂಡ್ ಆಫ್ ಫ್ಯಾಟ್ ಮಾಮಾ’ ಸಾಕ್ಷ್ಯಚಿತ್ರ ಮಾಡಿದಾಗಲೇ ಅದರ ಮುಖ್ಯ ವಿಷಯ ಊರು ಬಿಟ್ಟು ಹೋದವರದಾಗಿತ್ತು.

ಟಾಂಗ್ರಾದಲ್ಲಿ ಈ ಹಳತಿನ ರೀತಿ ಬೇರೆ. ಅಲ್ಲಿನ ಚೀನೀ ಕಾಳಿ ಗುಡಿಯಲ್ಲಿ ನೂಡಲ್ಸು, ಚಾಪ್‌ಸೂಯಿ ಪ್ರಸಾದವಾಗುತ್ತವೆ. ಬಿಗ್ ಬಾಸ್, ಬೀಜಿಂಗ್, ಗೋಲ್ಡನ್ ಜಾಯ್‌ನಂಥ ದೊಡ್ಡ ಹೋಟೆಲುಗಳು ಕಲ್ಕತ್ತದ ಮಧ್ಯಮವರ್ಗದ ಹುಟ್ಟುಹಬ್ಬಗಳಿಂದ ತುಂಬುತ್ತವೆ. ಮೇಜಿಗೆ ಬರುವ ತಟ್ಟೆಯ ಗಾತ್ರ ನೋಡಿ ಹೊಸಬರು ಬೆಚ್ಚುತ್ತಾರೆ. ಇಂಥ ಹೋಟೆಲುಗಳ ಮೆನು ಕಲ್ಕತ್ತದ ಗಿರಾಕಿಯ ನಾಲಿಗೆ ನೋಡಿ ಬರೆದದ್ದು. ಹುದುಗಿಸಿದ ಸಾಸಿವೆ ಸೊಪ್ಪು, ಹೂರಣ ತುಂಬಿದ ಟೋಫು ಅದರಲ್ಲಿ ಕಾಣದಿದ್ದರೆ ಅಚ್ಚರಿಯಿಲ್ಲ. ಅವು ಮನೆಯ ಮೇಜಿಗೆ, ಹಿರಿಯರ ಎಡೆಗೆ, ಹೊಸ ವರ್ಷದ ಹಿಂದಿನ ರಾತ್ರಿ ಬಳಗವೆಲ್ಲ ಕೂಡಿ ಉಣ್ಣುವ ಊಟಕ್ಕೆ ಸೇರಿದವು.

ಬಾಣಲೆಯ ಮುಂದೆ ನಿಂತವರೂ ಬದಲಾಗಿದ್ದಾರೆ. ಒಡೆಯರ ಮಕ್ಕಳು ಟೊರಾಂಟೊದಲ್ಲಿ, ಒಲೆ ನೇಪಾಳಿ, ಬಿಹಾರಿ, ಬಂಗಾಳಿ ಹುಡುಗರ ಕೈಯಲ್ಲಿ. ಅವರು ಕಲಿತದ್ದು ಮೆನುವಿನಲ್ಲಿರುವುದನ್ನು. ಅದನ್ನೇ ಹಿಡಿದು ತಮ್ಮ ಊರುಗಳಲ್ಲಿ, ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಗಾಡಿ ಹಾಕುತ್ತಾರೆ. ದೊಡ್ಡ ಉರಿಯಲ್ಲಿ ಬಾಣಲೆ ಹಾರಿಸುವ ಕೈಚಳಕ ಹೀಗೆ ಕೈಯಿಂದ ಕೈಗೆ ದಾಟಿದೆ. ಸೊಪ್ಪು ಹುದುಗಿಸುವ ಹದ ದಾಟಿಲ್ಲ. ಅದನ್ನು ಯಾವ ಗಿರಾಕಿಯೂ ಕೇಳಲಿಲ್ಲ.

ವಲಸೆ ಹೋದವರು ಟೊರಾಂಟೊದಲ್ಲಿ ಮತ್ತೆ ಅಡುಗೆಮನೆಯನ್ನೇ ನಂಬಿದರು. 1980ರ ದಶಕದಿಂದ ಆ ನಗರದಲ್ಲೂ ಅದರ ಹೊರವಲಯದ ಸ್ಕಾರ್ಬರೊ, ಬ್ರಾಂಪ್ಟನ್‌ಗಳಲ್ಲೂ ‘ಹಕ್ಕಾ ಚೈನೀಸ್’ ಎಂಬ ಬೋರ್ಡುಗಳು ಎದ್ದವು. ಸುತ್ತಲಿನ ಗಿರಾಕಿಗಳು ಪಂಜಾಬಿಗಳು, ಗುಜರಾತಿಗಳು, ಪಾಕಿಸ್ತಾನಿಗಳು, ತಮಿಳರು, ಕನ್ನಡದ ಸಾಫ್ಟ್‌ವೇರ್ ಸಂಸಾರಗಳು. ಅವರಿಗೆ ಹಕ್ಕಾ ಎಂದರೆ ಚಿಲ್ಲಿ ಚಿಕನ್, ಮಂಚೂರಿಯನ್, ಖಾರದ ನೂಡಲ್ಸ್. ಮುಸ್ಲಿಂ ಗಿರಾಕಿಗಳನ್ನು ಬಿಡಲಾಗದೆ ಅನೇಕ ಹೋಟೆಲುಗಳು ಹಲಾಲ್ ಫಲಕವನ್ನೂ ತೂಗುಹಾಕಿವೆ, ಹಾಗಾಗಿ ಹಂದಿಮಾಂಸ ಮೆನುವಿನಿಂದ ಹೊರಗೆ. ಮೆಯ್‌ಶಿಯೆನ್ ಗುಡ್ಡಗಳ ಹೆಸರಾಂತ ಪದಾರ್ಥ, ಸಾಸಿವೆ ಸೊಪ್ಪಿನೊಡನೆ ಬಟ್ಟಲು ಕವುಚಿ ಬಡಿಸುವ ಆ ಹಂದಿಮಾಂಸಕ್ಕೆ, ಹಕ್ಕಾ ಎಂದು ಬರೆದುಕೊಂಡ ಹೋಟೆಲಿನಲ್ಲೇ ಜಾಗವಿಲ್ಲ. ಕಲ್ಕತ್ತ ಬಿಟ್ಟುಬಂದ ಹಿರಿಯರಿಗೆ ಬೇಕೆನಿಸಿದರೆ ಅಲ್ಲಿನ ಚೀನೀ ಸೂಪರ್‌ಮಾರ್ಕೆಟ್ಟಿನಿಂದ ಉಪ್ಪುಸೊಪ್ಪಿನ ಪೊಟ್ಟಣ ತಂದು ಮನೆಯಲ್ಲೇ ಬೇಯಿಸಿಕೊಳ್ಳಬೇಕು, ಟಾಂಗ್ರಾದ ಟ್ಯಾನರಿಯ ಮಹಡಿಯಲ್ಲಿ ಬೇಯಿಸಿಕೊಳ್ಳುತ್ತಿದ್ದ ಹಾಗೆಯೇ.